ಇದೊಂದೇ ಪೀಸು ಉಳಿದಿರೋದು!

"ಮೇಡಂ, ಇದೊಂದೇ ಪೀಸು ಉಳಿದಿರೋದು. ನೀವು ಬಿಟ್ಟರೆ ಸಂಜೆಗೆ ಇರೋಲ್ಲ."

ಹೋದ ಆಷಾಢದ ಸೇಲಿನಲ್ಲಿ ಶಿವಮೊಗ್ಗದ ಅಂಗಡಿಯೊಂದರ ಹುಡುಗ ಹೀಗೆ ಹೇಳಿದ್ದೇ ತಡ, ಅತ್ತೆಯವರ ಕನ್ನಡಕಕ್ಕೆಂದು ತೆಗೆದಿಟ್ಟಿದ್ದ ಚೀಟಿ ದುಡ್ಡಿನಲ್ಲಿ 2,800 ರೂಪಾಯಿ ಎಣಿಸಿ ಕೊಟ್ಟುಬಿಟ್ಟೆ. ಮಾವಿನ ಚಿಗುರಿನ ಬಣ್ಣ, ಸಣ್ಣ ಅಂಚು. ನನಗೆ ಸೀರೆ ಬೇಕಿತ್ತೇ? ಖಂಡಿತ ಇಲ್ಲ. ಬೀದಿಗಿಳಿದ ಮೇಲೆ ಛತ್ರಿ ಮರೆತದ್ದು ನೆನಪಾಗಿ ಹಿಂದಿರುಗಿದರೆ, ಅದೇ ಹುಡುಗ ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ಸೀರೆ ಹರವಿಕೊಂಡು ಇನ್ನೊಬ್ಬಾಕೆಗೆ ಅದೇ ಮಾತು ಹೇಳುತ್ತಿದ್ದ! ನನ್ನನ್ನು ಕಂಡು ನಕ್ಕ ಕೂಡ. ನಾಚಿಕೆಯಾದದ್ದು ನನಗೆ. ಅವನನ್ನು ಬೈದು ಪ್ರಯೋಜನವಿಲ್ಲ, ಹೇಳಿಕೊಟ್ಟವರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದರು. ಬಾಗಿಲಿಗೆ ಕಟ್ಟಿದ್ದ 'ಕೊನೆಯ ಮೂರು ದಿನ' ಎಂಬ ಬ್ಯಾನರು ಶ್ರಾವಣ ಬಂದರೂ ಇಳಿಯಲಿಲ್ಲ.

ಹೆಂಗಸರಿಗೆ ಆಸೆ ಜಾಸ್ತಿ, ಅದಕ್ಕೇ ಮೋಸಹೋಗುತ್ತೀರಿ ಎನ್ನುತ್ತಾರೆ ನಮ್ಮ ಯಜಮಾನರು. (ಫೋನಿನಲ್ಲಿ 'ಎರಡೇ ಉಳಿದಿವೆ' ಎಂದು ಓದಿ ರಾತ್ರಿ ಹನ್ನೊಂದಕ್ಕೆ ಡ್ರಿಲ್ಲಿಂಗ್ ಮೆಷಿನ್ ತರಿಸಲು ಹಣ ಕಟ್ಟಿದವರು ಇವರೇ. ಹತ್ತು ದಿನ ಕಳೆದರೂ ಅಲ್ಲಿ ಎರಡೇ ಉಳಿದಿದ್ದವು.) ನಾನಿದನ್ನು ಒಪ್ಪುವುದಿಲ್ಲ. ಇದು ಆಸೆಯಲ್ಲ, ಭಯ. ಸೀಮೆಎಣ್ಣೆಗೆ ಕ್ಯೂ ನಿಂತು, ನಮ್ಮ ಸರದಿ ಬರುವ ಹೊತ್ತಿಗೆ ಡ್ರಮ್ಮು ಬೋರಲಾದದ್ದನ್ನು ಕಂಡವರು ನಾವು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು. ಸಿಕ್ಕಾಗ ತೆಗೆದಿಡು ಎಂದು ನಮ್ಮ ತಾಯಂದಿರು ಕಲಿಸಿದ್ದು ಸಂಸಾರ ಉಳಿಸಲಿಕ್ಕೆ. ಆಗ ಪದಾರ್ಥ ನಿಜಕ್ಕೂ ಸಿಗುತ್ತಿರಲಿಲ್ಲ. ಈಗ ಗೋಡೌನು ತುಂಬ ಇಟ್ಟುಕೊಂಡು ಇಲ್ಲ ಇಲ್ಲ ಎನ್ನುತ್ತಾರಲ್ಲ, ನಮ್ಮ ಆ ಹಳೆಯ ಭಯವನ್ನೇ ಬಂಡವಾಳ ಮಾಡಿಕೊಳ್ಳುವ ಇವರಿಗೆ ಏನೆನ್ನಬೇಕು?

ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಕೆಲವರಿಗೆ ಹತ್ತು ಬಿಸ್ಕತ್ತಿದ್ದ ಜಾಡಿ ಕೊಟ್ಟರು, ಕೆಲವರಿಗೆ ಎರಡೇ ಇದ್ದದ್ದು. ಬಿಸ್ಕತ್ತು ಒಂದೇ ಬಗೆಯದು. ಎರಡಿದ್ದ ಜಾಡಿ ಸಿಕ್ಕವರಿಗೆ ಅದರ ಬೆಲೆಯೂ ಹೆಚ್ಚೆನಿಸಿತು, ಇನ್ನೂ ಬೇಕೆಂದೂ ಅನಿಸಿತು. ವ್ಯಾಪಾರಿಗಳಿಗೆ ಇದು ಗೊತ್ತಿದೆ, ನಮಗೂ ಗೊತ್ತಿರಲಿ.

ಸರ್ಕಾರ 2023ರ ನವೆಂಬರಿನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿತು. ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಅವಸರ. ದೂರಿಗೆ 1915 ನಂಬರೂ ಇದೆ. 2019ರ ಗ್ರಾಹಕ ಕಾಯ್ದೆ ಅನುಚಿತ ವ್ಯಾಪಾರದ ಲೆಕ್ಕದಲ್ಲಿ ಬಾಯಿಮಾತಿನ ಸುಳ್ಳನ್ನೂ ಸೇರಿಸಿದೆ. ಆದರೆ ಬಾಯಿಮಾತಿಗೆ ರಸೀತಿ ಎಲ್ಲಿಂದ ತರೋಣ?

ಮೊನ್ನೆ ನಾದಿನಿಯ ಜೊತೆ ಮತ್ತೆ ಅದೇ ಅಂಗಡಿಗೆ ಹೋಗಬೇಕಾಯಿತು. ಹುಡುಗ ಶುರುಮಾಡಿದ, "ಇದೊಂದೇ ಪೀಸು..."

"ಸಂತೋಷ ಕಣಪ್ಪ, ಕೊನೆಯ ಪೀಸು ಅಂತ ಬಿಲ್ಲಿನ ಮೇಲೆ ಬರೆದುಕೊಡು" ಎಂದೆ.

ಅವನು ಯಜಮಾನರ ಮುಖ ನೋಡಿದ. ಯಜಮಾನರು ಫ್ಯಾನು ನೋಡಿದರು. ನಾದಿನಿ ಬರಿಗೈಲಿ ಎದ್ದಳು. ಅತ್ತೆಯವರ ಕನ್ನಡಕ ಮಾತ್ರ ದೀಪಾವಳಿಗೆ ಬಂತು, ನಾಲ್ಕು ತಿಂಗಳು ತಡವಾಗಿ.