ಹೊಸ ಮನೆಯ ಮೊದಲ ಎಡೆ ಯಾರಿಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಈ ಎರಡು ಕಾರ್ಯಗಳಲ್ಲಿ ಮನುಷ್ಯನ ಕೈಯಲ್ಲಿರುವ ಹಣ ಮಾತ್ರವಲ್ಲ, ಅವನ ಮನಸ್ಸೂ ಪರೀಕ್ಷೆಗೆ ಒಳಗಾಗುತ್ತದೆ. ಸ್ವಂತ ಸೂರಿನ ಕೆಳಗೆ ಬಾಳಬೇಕೆಂಬ ಹಂಬಲದಿಂದ ಹತ್ತಾರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ, ಪೈಸೆಗೆ ಪೈಸೆ ಕೂಡಿಸಿ ಮನೆ ಕಟ್ಟಿದವರ ಸಂತೋಷ ದೊಡ್ಡದು. ಆ ಮನೆಯಲ್ಲಿ ಬರುವ ಮೊದಲ ಹಬ್ಬದ ಸಡಗರ ಇನ್ನೂ ದೊಡ್ಡದು. ಆ ಸಂತೋಷಕ್ಕೆ ಕಲ್ಲು ಹಾಕುವ ಉದ್ದೇಶ ನಮಗಿಲ್ಲ. ಆದರೆ ಆ ಮೊದಲ ಹಬ್ಬದ ಊಟದಲ್ಲಿ ಮೊದಲ ಎಡೆಯನ್ನು ಯಾರಿಗೆ ಬಡಿಸಬೇಕು ಎಂಬ ಪ್ರಶ್ನೆಯೊಂದು ಕೆಲವು ತಿಂಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿದೆ. ಅದನ್ನು ಇಂದು ಸದ್ಭಕ್ತರ ಮುಂದೆ ಇಡುತ್ತಿದ್ದೇವೆ.

ಕಳೆದ ಯುಗಾದಿಯಂದು ಭಕ್ತರೊಬ್ಬರ ಹೊಸ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಸಣ್ಣ ನೌಕರಿಯ ಸಂಸಾರ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಕಟ್ಟಿದ ಪುಟ್ಟ ಮನೆ. ಒಳಗೆ ಕಾಲಿಟ್ಟರೆ ಕಣ್ಣು ಕೋರೈಸುವ ಅಲಂಕಾರ. ಮೇಲೆ ಪಿ.ಓ.ಪಿ. ಚಿತ್ತಾರ, ಅದರ ಸಂದಿಯಲ್ಲಿ ಬಣ್ಣಬಣ್ಣದ ದೀಪ, ಗೋಡೆಗೆ ಹೊಳೆಯುವ ಬಣ್ಣ, ಹೊಸ ಸೋಫಾ, ದೇವರ ಕೋಣೆಯಲ್ಲಿ ಅಮೃತಶಿಲೆಯ ಮಂಟಪ. ಬಾಗಿಲಿಗೆ ಮಾತ್ರ ಪ್ಲಾಸ್ಟಿಕ್ ತೋರಣ. ಪಾದಪೂಜೆ ಮುಗಿದು ಎಡೆ ಹಾಕುವ ಸಮಯಕ್ಕೆ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಕೈಯಲ್ಲಿ ಹಸಿ ಮಾವಿನ ಸೊಪ್ಪಿನ ಕಟ್ಟು, ಪಕ್ಕದಲ್ಲಿ ಒಂದು ಮಗು. ಮನೆಯ ಯಜಮಾನರು ಲಗುಬಗೆಯಿಂದ ಹೋಗಿ ಏನೋ ಹೇಳಿದರು. ಆತ ಸೊಪ್ಪನ್ನು ಕಟ್ಟೆಯ ಮೇಲಿಟ್ಟು ಹೊರಟ.

"ಯಾರಪಾ ತಮ್ಮಾ ಅವರು?" ಎಂದು ಕೇಳಿದೆವು.

"ನಮ್ಮ ಗೌಂಡಿರೀ ಅಜ್ಜಾರ. ಮಂದಿ ಭಾಳ ಅದಾರ, ಆಮ್ಯಾಲೆ ಬಾ ಅಂತ ಹೇಳೀನ್ರಿ."

ನಮ್ಮ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಆ ಮನೆಯ ಅಡಿಪಾಯದ ಕಲ್ಲಿನಿಂದ ಮಾಳಿಗೆಯ ಕೊನೆಯ ಇಟ್ಟಿಗೆಯವರೆಗೆ ಎಲ್ಲವನ್ನೂ ತನ್ನ ಕೈಯಿಂದ ಮುಟ್ಟಿದವನು ಅವನೊಬ್ಬನೇ. ಅವನಿಗೆ "ಆಮೇಲೆ ಬಾ". ಆ ಮನೆಗೆ ಒಂದು ಕಲ್ಲನ್ನೂ ಹೊರದ ನಮಗೆ ಮೊದಲ ಎಡೆ! ಆತನನ್ನು ಕರೆಸಿ ಪಂಕ್ತಿಯಲ್ಲಿ ಕೂಡಿಸಿದ ಮೇಲೆಯೇ ಪ್ರಸಾದ ಆರಂಭವಾಯಿತು. "ಹಬ್ಬದ ದಿನ ಮನಿ ಹೆಂಗ ಕಾಣತೈತಿ ನೋಡೂನು ಅಂತ ಬಂದಿದ್ದೆರೀ" ಎಂದ ಆತ. ಗೋಡೆಗೆ ಅಂಗೈ ಇಟ್ಟು ನೋಡಿ, "ಗಿಲಾಯಿ ಇನ್ನೂ ಆರಬೇಕಿತ್ತರೀ, ಬಣ್ಣ ಲಗೂ ಹಚ್ಚಿಸೀರಿ" ಎಂದು ಮೆಲ್ಲಗೆ ಹೇಳಿದ. ಹಬ್ಬಕ್ಕೆ ಹೊಳೆಯಬೇಕೆಂಬ ಅವಸರದಲ್ಲಿ ಗಾರೆಯ ತೇವ ಆರುವ ಮೊದಲೇ ಬಣ್ಣ ಹಚ್ಚಿದ್ದರು. ಮಳೆಗಾಲದಲ್ಲಿ ಆ ಬಣ್ಣ ಉಬ್ಬಿ ಕಳಚಿತೆಂದು ಆಮೇಲೆ ತಿಳಿಯಿತು.

ನಮ್ಮನ್ನು ಹೆಚ್ಚು ನೋಯಿಸಿದ ಮಾತು ಬೇರೆ. ಹೊರಡುವಾಗ ಆ ಮನೆಯ ಹಿರಿಯರು ಗುಟ್ಟಾಗಿ ಹೇಳಿದರು. ಮನೆ ಕಟ್ಟಲು ಬ್ಯಾಂಕಿನ ಸಾಲ ಇದ್ದದ್ದು ಸರಿ. ಅಲಂಕಾರಕ್ಕೆಂದು ಮತ್ತೆ ಎರಡು ಲಕ್ಷ ಕೈಗಡ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ ಆರು ಸಾವಿರ, ವರ್ಷಕ್ಕೆ ಎಪ್ಪತ್ತೆರಡು ಸಾವಿರ ರೂಪಾಯಿ ಬರೀ ಬಡ್ಡಿ. "ಇಷ್ಟೆಲ್ಲಾ ಯಾಕ ಬೇಕಿತ್ತವ್ವಾ?" ಎಂದು ಮನೆಯೊಡತಿಯನ್ನು ಕೇಳಿದೆವು. ಆ ತಾಯಿ ತಲೆ ತಗ್ಗಿಸಿ, "ನೀವು ಬರೂದೈತಿ ಅಂತನ ಮಾಡಿಸೇವ್ರಿ ಅಜ್ಜಾರ. ಹಳೀ ಮನ್ಯಾಗ ನಿಮ್ಮನ್ನ ಎಲ್ಲಿ ಕೂಡಸಬೇಕಂತ ನಾಚಿಕಿ ಆಗತಿತ್ತರೀ" ಎಂದರು.

ಸದ್ಭಕ್ತರೇ, ಅಂದಿನಿಂದ ಈ ಮಾತು ನಮ್ಮನ್ನು ಬಿಟ್ಟಿಲ್ಲ. ಜಂಗಮನು ಮನೆಗೆ ಬಂದರೆ ಮನೆಯ ಭಾರ ಇಳಿಯಬೇಕು. ನಾವು ಹೋಗಿ ಭಾರ ಏರಿಸಿ ಬಂದೆವು. ಎಷ್ಟು ಮನೆಗಳಲ್ಲಿ ಹೀಗಾಗಿದೆಯೋ, ನಾವು ಕೇಳಿಯೇ ಇರಲಿಲ್ಲ.

ಮಾದಾರ ಚೆನ್ನಯ್ಯನ ಕಥೆ ನಮ್ಮ ನಾಡಿನ ಮನೆಮನೆಗೂ ತಿಳಿದದ್ದು. ಹರಿಹರ ಕವಿ ಅದನ್ನು ರಗಳೆಯಲ್ಲಿ ಹಾಡಿದ್ದಾನೆ. ಚೋಳರಾಜನು ದಿನವೂ ಶಿವನಿಗೆ ಬಗೆಬಗೆಯ ಪಕ್ವಾನ್ನಗಳ ನೈವೇದ್ಯ ಅರ್ಪಿಸುತ್ತಿದ್ದ, ಶಿವನು ಸ್ವೀಕರಿಸುತ್ತಿದ್ದ. ಅದೇ ಅರಸನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಚೆನ್ನಯ್ಯ ಯಾರಿಗೂ ತೋರಗೊಡದೆ ಶಿವಭಕ್ತಿ ಮಾಡುತ್ತಿದ್ದ. ಒಂದು ದಿನ ಶಿವನು ಅವನು ಕೊಟ್ಟ ಅಂಬಲಿಯನ್ನು ತೃಪ್ತಿಯಿಂದ ಉಂಡ. ಅಂದು ಅರಮನೆಯ ಎಡೆ ಹಾಗೆಯೇ ಉಳಿಯಿತು. ಗಾಬರಿಯಾದ ಅರಸನಿಗೆ ಕಾರಣ ತಿಳಿದಾಗ ಅವನು ಆ ಬಡವನನ್ನು ಹುಡುಕಿಕೊಂಡು ಹೋಗಿ ಪಾದಕ್ಕೆರಗಿದ. ಇದೇ ಚೆನ್ನಯ್ಯನನ್ನು ಕಲ್ಯಾಣದ ಬಸವಣ್ಣನವರು ತಮ್ಮ ತಂದೆಯ ಸ್ಥಾನದಲ್ಲಿ ಇರಿಸಿಕೊಂಡರು. ಬಿಜ್ಜಳನ ಭಂಡಾರಕ್ಕೆ ಅಧಿಕಾರಿಯಾಗಿದ್ದವರು ಅಂಬಲಿಯ ಮನೆಯೊಂದಿಗೆ ನಂಟು ಹೇಳಿಕೊಂಡರು. ಆ ಗುಡಿಸಲಿನಲ್ಲಿ ಯಾವ ಚಿತ್ತಾರವಿತ್ತು? ಅಲ್ಲಿ ಇದ್ದದ್ದು ಬಿಸಿ ಅಂಬಲಿ ಮತ್ತು ತೆರೆದ ಮನಸ್ಸು.

ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಡುವವನು ಮೇಲೆ, ಬೇಡುವವನು ಕೆಳಗೆ. ದಾಸೋಹ ಎಂಬ ಪದದಲ್ಲಿಯೇ ನಾನು ದಾಸ ಎಂಬ ಅರ್ಥವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ಮಹಾಮನೆ ಎಂಬ ಹೆಸರು ಬಂದದ್ದು ಅದರ ಗಾತ್ರದಿಂದಲ್ಲ, ಅಲ್ಲಿ ಯಾರಿಗೂ "ಆಮೇಲೆ ಬಾ" ಎನ್ನುತ್ತಿರಲಿಲ್ಲ ಎಂಬುದರಿಂದ. ಆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನವರು ಒಪ್ಪಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ತಿರುಗಿ ಸುರಿದು ಬನ್ನಿ ಎಂದು ಗಂಡನನ್ನು ಕಳುಹಿಸಿದರು. ಅದೇ ದಂಪತಿಗಳು ತಮ್ಮ ಅಳತೆಯ ಅಕ್ಕಿಯಿಂದಲೇ ಶರಣ ಸಮೂಹಕ್ಕೆ ದಾಸೋಹ ಮಾಡಿದರೆಂದು ಪರಂಪರೆ ಹೇಳುತ್ತದೆ. ಬಿದ್ದ ಅಕ್ಕಿಯನ್ನು ಆಯುವ ಮನೆ ಅದು, ಆದರೆ ಸಾಲದ ಅಕ್ಕಿ ಒಂದು ಕಾಳೂ ಇರಲಿಲ್ಲ. ಲಕ್ಕಮ್ಮನವರ ಹೆಸರು ಹೇಳುವ ನಾವು ನೂರಕ್ಕೆ ಮೂರರ ಬಡ್ಡಿಯಲ್ಲಿ ಹಬ್ಬ ಮಾಡಿದರೆ ಆ ತಾಯಿ ಒಪ್ಪುವರೇ?

ಅಷ್ಟು ಹಿಂದಿನ ಮಾತು ಬೇಡ ಎನ್ನುವವರಿಗೆ ನಮ್ಮ ಕಾಲದ ನಿದರ್ಶನವಿದೆ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳವರು 2019ರ ಜನವರಿ 21ರಂದು ಬೆಳಿಗ್ಗೆ 11.44ಕ್ಕೆ ಲಿಂಗೈಕ್ಯರಾದರು. ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಆ ಸುದ್ದಿಯನ್ನು ಹೇಳಲಿಲ್ಲ. ಅದು ಪೂಜ್ಯರದೇ ಇಚ್ಛೆಯಾಗಿತ್ತೆಂದು ಅಂದು ತಿಳಿಸಲಾಯಿತು. ನೂರಾ ಹನ್ನೊಂದು ವರ್ಷ ಬಾಳಿದ ಮಹಾನುಭಾವರು ತಮ್ಮ ಕೊನೆಯ ಗಳಿಗೆಯಲ್ಲಿಯೂ ಮೊದಲ ಎಡೆಯನ್ನು ಮಕ್ಕಳಿಗೇ ಬಿಟ್ಟರು. ಆ ದಿನವನ್ನು ನಮ್ಮ ರಾಜ್ಯದಲ್ಲಿ ದಾಸೋಹ ದಿನವೆಂದು ಆಚರಿಸುತ್ತಿರುವುದು ಯೋಗ್ಯವೇ ಆಗಿದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಮನೆಯನ್ನು ಚೆಂದವಾಗಿ ಇಟ್ಟುಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಅಂಗಳಕ್ಕೆ ಸೆಗಣಿ ಸಾರಿಸಿ ರಂಗೋಲಿ ಇಡುವುದು, ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು ಬಳಿಯುವುದು, ಹೊಸ್ತಿಲಿಗೆ ಅರಿಷಿಣ ಕುಂಕುಮ, ಬಾಗಿಲಿಗೆ ಮಾವು ಬೇವಿನ ತೋರಣ, ಮಾಡದಲ್ಲಿ ಎಣ್ಣೆಯ ದೀಪ, ಇವೆಲ್ಲ ನಮ್ಮ ತಾಯಂದಿರ ಅಲಂಕಾರವೇ. ಶುಚಿ ಮತ್ತು ಸೊಬಗು ಧರ್ಮಕ್ಕೆ ವಿರೋಧಿಗಳಲ್ಲ. ಕೈಯಲ್ಲಿ ಇದ್ದವರು ಅಮೃತಶಿಲೆ ಹಾಕಲಿ, ಬೇಡ ಎನ್ನುವವರು ಯಾರು? ಆದರೆ ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನಿಗೆ ಪೂಜೆಗೆ ಬೇಕಾದದ್ದು ಅಂಗೈಯಷ್ಟು ಸ್ಥಳ. ಲಿಂಗಕ್ಕೆ ಬೇಡವಾದ ಮಂಟಪವನ್ನು ನೆಂಟರ ಕಣ್ಣಿಗಾಗಿ ಸಾಲ ಮಾಡಿ ಕಟ್ಟುವುದು ಭಕ್ತಿಯಲ್ಲ, ಅಂಜಿಕೆ. ಮಂದಿ ಏನೆಂದಾರು ಎಂಬ ಅಂಜಿಕೆ. ವಾಸ್ತು ಸರಿಯಿಲ್ಲವೆಂದು ಕಟ್ಟಿದ ಅಡಿಗೆಮನೆಯನ್ನು ಒಡೆಸುವುದೂ ಇನ್ನೊಂದು ಅಂಜಿಕೆಯೇ. ಶಕುನ ಮುಹೂರ್ತಗಳ ಭಯದಿಂದ ಜನರನ್ನು ಬಿಡಿಸಿದ ಶರಣರ ಮಕ್ಕಳು ಹೊಸ ಹೊಸ ಭಯಗಳನ್ನು ಹಣ ಕೊಟ್ಟು ತರಬಾರದು.

ಎರಡನೆಯ ಆಕ್ಷೇಪಣೆ, ಗೌಂಡಿಗೆ ಕೂಲಿ ಕೊಟ್ಟಾಗಿದೆಯಲ್ಲ ಎಂಬುದು. ಕೊಟ್ಟಿರಬಹುದು, ಕೊಡಲೇಬೇಕು. ಆದರೆ ಕೂಲಿಯಿಂದ ಲೆಕ್ಕ ತೀರುತ್ತದೆ, ಸಂಬಂಧ ತೀರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಬಡಿಗೇರರಿಗೆ ಬಟ್ಟೆ, ಉಲುಪಿ ಕೊಟ್ಟು ಹೊಟ್ಟೆ ತುಂಬ ಉಣಿಸುತ್ತಿದ್ದರು. ಮನೆ ಕಟ್ಟಿದ ಕೈ ಮನಸಾರೆ ಹರಸಿದರೆ ಮನೆ ನಿಲ್ಲುತ್ತದೆ ಎಂಬ ನಂಬಿಕೆ ಅವರದು. ಈಗ ಗುತ್ತಿಗೆದಾರನ ಫೋನ್ ನಂಬರು ಮಾತ್ರ ನಮ್ಮಲ್ಲಿರುತ್ತದೆ. ಕಲ್ಲು ಹೊತ್ತವರ ಹೆಸರೇ ತಿಳಿದಿರುವುದಿಲ್ಲ.

ಮೂರನೆಯ ಮಾತು ಅಡಿಗೆಮನೆಯದು. ಹೊಸ ಮನೆಯ ಮೊದಲ ಹಬ್ಬವೆಂದರೆ ನೂರು ಮಂದಿಗೆ ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಎಣ್ಣೆಗಾಯಿ ಎಲ್ಲ ಆಗಬೇಕು. ನಾವು ಹೇಳಿದ ಆ ಮನೆಯಲ್ಲಿ ಸೊಸೆ ರಾತ್ರಿ ಮೂರಕ್ಕೆ ಎದ್ದವಳು ನಾವು ಹೊರಡುವವರೆಗೆ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ಉಣಿಸುವವಳು ಉಪವಾಸವಿದ್ದರೆ ಅದು ಎಂಥ ಹಬ್ಬ? ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿರಿ. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ ಕಳುಹಿಸುತ್ತಾರೆ. ಲಕ್ಷಾಂತರ ರೊಟ್ಟಿ ಸೇರುತ್ತದೆ, ಯಾರೊಬ್ಬರ ರಟ್ಟೆಯೂ ಸೋಲುವುದಿಲ್ಲ. ಅದೇ ಪದ್ಧತಿಯನ್ನು ಒಂದು ಓಣಿಗೆ ಏಕೆ ತರಬಾರದು? ಹೊಸ ಮನೆಯವರು ಹೋಳಿಗೆ ಮಾಡಲಿ, ಎಡಗಡೆಯ ಮನೆಯಿಂದ ರೊಟ್ಟಿ ಬರಲಿ, ಬಲಗಡೆಯ ಮನೆಯಿಂದ ಪಲ್ಯ ಬರಲಿ. ಹೊಸ ಬಡಾವಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬಾಳುವವರಿಗೆ ಪರಿಚಯವೂ ಆದೀತು.

ಊಟವಾದ ಮೇಲೆ ಎಸೆಯುವ ಅನ್ನದ ವಿಷಯವನ್ನೂ ಹೇಳಲೇಬೇಕು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ನಮ್ಮ ಹಿರಿಯರು ಉಂಡ ತಟ್ಟೆಯನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಇಂದು ಅರ್ಧ ಹೋಳಿಗೆ, ಅರ್ಧ ಅನ್ನ ಬಿಟ್ಟು ಕೈ ತೊಳೆಯುವುದು ದೊಡ್ಡಸ್ತಿಕೆಯಾಗಿದೆ. ಬೇಡಿದಷ್ಟು ಬಡಿಸಿರಿ, ಬಡಿಸಿದ್ದನ್ನು ಬಿಡಬೇಡಿರಿ. ಅನ್ನವನ್ನು ಚೆಲ್ಲುವ ಮನೆಯಲ್ಲಿ ಎಷ್ಟು ದೀಪ ಉರಿದರೂ ಕತ್ತಲೆಯೇ.

ಭಕ್ತರಿಗೆ ಹೇಳುವ ಮೊದಲು ಮಠದವರು ತಿದ್ದಿಕೊಳ್ಳಬೇಕಲ್ಲವೇ? ಆದ್ದರಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಹೊಸ ಮನೆಗೆ ಕರೆಯಲು ಬಂದವರನ್ನು ಮೊದಲು ಒಂದು ಮಾತು ಕೇಳುತ್ತೇವೆ: ಮನೆ ಕಟ್ಟಿದವರನ್ನು ಕರೆದಿರಾ? ಕರೆದಿಲ್ಲವಾದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ ಎನ್ನುತ್ತೇವೆ. ಸಾಲದ ಮನೆಯಲ್ಲಿ ಕಾಣಿಕೆ ಸ್ವೀಕರಿಸುವುದಿಲ್ಲ. ನಮಗಾಗಿ ಹೊಸ ಆಸನ ತರಬೇಡಿರಿ, ಮನೆಯಲ್ಲಿದ್ದ ಚಾಪೆಯೇ ಸಾಕು. ಇದನ್ನು ಕೇಳಿ ಕೆಲವರು ಮುಖ ಸಣ್ಣದು ಮಾಡಿಕೊಂಡದ್ದೂ ಉಂಟು. ಒಬ್ಬರು ಬೇರೆ ಸ್ವಾಮಿಗಳನ್ನು ಕರೆದುಕೊಂಡರು. ಅದಕ್ಕೆ ನಮಗೆ ಬೇಸರವಿಲ್ಲ. ಆದರೆ ಎಲ್ಲ ಮಠದವರೂ ಈ ಒಂದು ಪ್ರಶ್ನೆಯನ್ನು ಕೇಳತೊಡಗಿದರೆ ಎಷ್ಟೋ ಸಂಸಾರಗಳು ಸಾಲದಿಂದ ಉಳಿದಾವು ಎಂಬ ಆಸೆ ನಮ್ಮದು.

ಆ ಭಕ್ತರು ಇತ್ತೀಚೆಗೆ ಮಠಕ್ಕೆ ಬಂದಿದ್ದರು. ಕಳಚಿದ ಬಣ್ಣವನ್ನು ಕೆರೆದು ಗೋಡೆಯನ್ನು ಸರಿಪಡಿಸಲು ಅದೇ ಗೌಂಡಿ ಬಂದನಂತೆ. ಈ ಬಾರಿ ಸುಣ್ಣವೇ ಸಾಕು ಎಂದರಂತೆ ಇವರು. ಬಡ್ಡಿ ಇನ್ನೂ ತೀರಿಲ್ಲ. ಸೋಫಾ ಮಾರಿ ಒಂದಿಷ್ಟು ಕಟ್ಟಿದ್ದಾರೆ. "ಬರೂ ಯುಗಾದಿಗೆ ಅವನ ಹೇಂತಿ ಮಕ್ಕಳನ್ನೂ ಕರೀತೇವ್ರಿ ಅಜ್ಜಾರ" ಎಂದರು. "ಹಂಗಾದ್ರ ನಾವೂ ಬರತೇವಪಾ" ಎಂದೆವು.

ಯುಗಾದಿಯ ದಿನ ಬೇವನ್ನೂ ಬೆಲ್ಲವನ್ನೂ ಎಲ್ಲರಿಗೂ ಹಂಚುತ್ತೇವೆ. ಹಂಚುವಾಗ ಈತ ಮಾಲಿಕ, ಆತ ಕೂಲಿ ಎಂದು ನೋಡುವುದಿಲ್ಲ. ಊಟದ ಎಡೆಗೂ ಅದೇ ನಿಯಮವಿರಲಿ. ಹೊಸ ಮನೆಯ ಬಾಗಿಲು ಕಟ್ಟಿದವನಿಗೆ ಮೊದಲು ತೆರೆಯಲಿ, ಬಡಿಸಿದವಳು ಪಂಕ್ತಿಯಲ್ಲಿ ಕುಳಿತು ಉಣ್ಣಲಿ, ಹಬ್ಬ ಮುಗಿದ ಮರುದಿನ ಸಾಲಗಾರನು ಬಾಗಿಲು ಬಡಿಯದಿರಲಿ. ಅಂಥ ಮನೆ ಎಷ್ಟು ಚಿಕ್ಕದಾದರೂ ಮಹಾಮನೆಯೇ.