ತೀರ್ಪಿನ ಮಾರನೆಯ ದಿನ

ವೇತಾಳನು ವಿಕ್ರಮನಿಗೆ ಹೇಳಿದ ಕಥೆಗಳಲ್ಲಿ ತಲೆ ಅದಲುಬದಲಾದವರ ಕಥೆಯೊಂದುಂಟು. ದೇವಿಯ ಗುಡಿಯಲ್ಲಿ ಶಿರಚ್ಛೇದ ಮಾಡಿಕೊಂಡು ಬಿದ್ದಿದ್ದ ಇಬ್ಬರಿಗೆ ಹೆಣ್ಣುಮಗಳೊಬ್ಬಳು ಅವಸರದಲ್ಲಿ ತಲೆ ಜೋಡಿಸುವಾಗ ಒಬ್ಬನ ತಲೆ ಇನ್ನೊಬ್ಬನ ಮುಂಡಕ್ಕೆ ಕೂಡಿತು. ಅವಳ ಪತಿ ಯಾರು? ಅಂಗಗಳಲ್ಲಿ ಶಿರಸ್ಸೇ ಪ್ರಧಾನ, ಆದುದರಿಂದ ಪತಿಯ ತಲೆಯುಳ್ಳವನೇ ಪತಿ ಎಂದು ರಾಜನು ನುಡಿದನು. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ.

ತೀರ್ಪೇನೋ ಆಯಿತು, ಮಾರನೆಯ ದಿನದಿಂದ ಆ ಮೂವರು ಬದುಕಬೇಕಲ್ಲ! ಗಿರೀಶ ಕಾರ್ನಾಡರು 1971ರಲ್ಲಿ ಪ್ರಕಟವಾದ ‘ಹಯವದನ’ ನಾಟಕದಲ್ಲಿ ಕೇಳಿದ ಪ್ರಶ್ನೆ ಇದು. ಹಳೆಯ ಕಥೆಗೆ ಬೇಕಾದುದು ನ್ಯಾಯ. ಹೊಸ ನಾಟಕಕ್ಕೆ ಬೇಕಾದುದು ಕಾಲ.

ದೇವದತ್ತನು ಶಾಸ್ತ್ರಪಂಡಿತನ ಮಗ, ಕಪಿಲನು ಕಮ್ಮಾರನ ಮಗ. ಕಪಿಲನ ಕಸುವುಳ್ಳ ಮೈ ದೊರೆತ ದೇವದತ್ತನಿಗೆ ಮೊದಮೊದಲು ಆ ಮೈಯ ಹುರುಪೇ ಹುರುಪು. ಬರಬರುತ್ತ ಸಾಧನೆ ತಪ್ಪಿತು, ಹೊತ್ತಗೆ ಕೈಗೆ ಬಂತು. ಅವನಲ್ಲಿ ಆದ ಮಾರ್ಪಾಡನ್ನು ನಾಟಕಕಾರರು ಮನೆಯಲ್ಲಿನ ಎರಡು ಗೊಂಬೆಗಳ ಬಾಯಿಂದ ಹೇಳಿಸುತ್ತಾರೆ: ಮೊದಲು ಒರಟಾಗಿದ್ದ ಅಂಗೈ ಈಗ ಮೃದುವಾಗಿದೆಯಂತೆ! ಅತ್ತ ಕಾಡು ಸೇರಿದ ಕಪಿಲನು ದೇವದತ್ತನ ಸುಕುಮಾರ ಶರೀರವನ್ನು ದುಡಿಸಿ ದುಡಿಸಿ ಹುರಿಗೊಳಿಸುತ್ತಾನೆ. ತಲೆ ಗೆದ್ದಿತೆಂದು ನಾವು ಹೇಳಬಹುದು. ಆದರೆ ಗೆದ್ದದ್ದು ಒಂದು ದಿನದ ಆಜ್ಞೆಯಿಂದಲ್ಲ, ದಿನದಿನದ ಅಭ್ಯಾಸದಿಂದ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ನಿತ್ಯ ಕೂರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೂ ಗೆಲವು ಪೂರ್ಣವಲ್ಲ. ತಾನು ಕಂಡರಿಯದ, ಮೈಮಾತ್ರ ಬಲ್ಲ ಸ್ಪರ್ಶಗಳು ಕಪಿಲನನ್ನು ಕಾಡುತ್ತವೆ. ಅವುಗಳಿಗೆ ಮುಖವಿಲ್ಲ, ಹೆಸರಿಲ್ಲ. ಹೂತುಹಾಕಿದೆನೆಂದುಕೊಂಡಿರುವಾಗ ಪದ್ಮಿನಿಯು ಮಗುವಿನೊಡನೆ ಕಾಡಿಗೆ ಬರುತ್ತಾಳೆ, ಎಲ್ಲವೂ ಮತ್ತೆ ಏಳುತ್ತವೆ. ನಾಟಕದ ಕುದುರೆಮೋರೆಯ ಪ್ರಸಂಗವನ್ನೇ ಜನ ಹೆಚ್ಚಾಗಿ ಮೆಚ್ಚುವುದುಂಟು. ನನ್ನ ಮಟ್ಟಿಗೆ ಈ ಭಾಗವೇ ಅದರ ಹೃದಯ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಓದುಗರಿಗೆ ಮೈಯ ನೆನಪೆಂಬುದು ಅಪರಿಚಿತವಲ್ಲ. ಊರವರೇ ಕಲಿತು ಪೌರಾಣಿಕ ನಾಟಕವಾಡುವ ರೂಢಿ ಇಲ್ಲಿ ಇನ್ನೂ ಉಳಿದಿದೆ. ಮೇಷ್ಟ್ರು ಹಾರ್ಮೋನಿಯಂ ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ತಿದ್ದಿಸುತ್ತಾರೆ. ‘ಕುರುಕ್ಷೇತ್ರ’ದಲ್ಲಿ ಹಲವು ವರ್ಷ ದುರ್ಯೋಧನನ ಪಾರ್ಟು ಮಾಡಿದವರು ಸಂತೆಯಲ್ಲಿ ಆಲೂಗೆಡ್ಡೆಯ ಮೂಟೆಗಳ ನಡುವೆಯೂ ಎದೆ ಸೆಟೆಸಿ ನಿಲ್ಲುವುದನ್ನು ಕಂಡಿದ್ದೇನೆ. ವಯಸ್ಸಾಗಿ ಪದ್ಯ ಮರೆತಿರುತ್ತದೆ, ನಿಲುವು ಮರೆತಿರುವುದಿಲ್ಲ. ಆಡಿದ ಪಾರ್ಟಿನ ಹೆಸರೇ ಊರಲ್ಲಿ ಅವರ ಹೆಸರಾಗಿಬಿಡುವುದೂ ಉಂಟು.

ಇನ್ನು ನಮ್ಮ ಮಕ್ಕಳ ಮಾತು. ಚನ್ನರಾಯಪಟ್ಟಣದ ತೋಟದಲ್ಲಿ ಕಾಯಿ ಸುಲಿದ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ದುಡಿದ ಕೈಗಳು ಬೆಂಗಳೂರಿನ ಕಂಪ್ಯೂಟರಿನ ಮುಂದೆ ಕುಳಿತು ಹತ್ತಿಪ್ಪತ್ತು ವರ್ಷವಾಗಿದೆ. ಅಂಗೈ ಮೃದುವಾಯಿತೆಂದು ತಾಯಿ ಮೆಚ್ಚಿ ನುಡಿಯುವಾಗ, ತಂದೆ ಸುಮ್ಮನಿರುತ್ತಾನೆ. ಮಗನನ್ನು ದೂಷಿಸುವ ಹಿರಿಯರು ನಮ್ಮಲ್ಲಿ ಬಹಳ. ಆ ಮಗನು ಎಲ್ಲಿಯೋ ಮಳೆ ಬಿದ್ದ ಮಣ್ಣಿನ ವಾಸನೆಗೆ ತಟಕ್ಕನೆ ನಿಂತು, ಏಕೆ ನಿಂತೆನೆಂದು ತಿಳಿಯದೆ ಮುಂದೆ ನಡೆದಾನು, ಅದನ್ನು ಕಂಡವರಾರು? ಅವನು ಬಿಟ್ಟುಹೋದುದಕ್ಕಿಂತ ಅವನನ್ನು ಬಿಡದೆ ಬಂದುದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮೊಮ್ಮಗನ ವಿಚಾರವೇ ಬೇರೆ. ಅವನ ಮೈಗೆ ಆ ನೆನಪೂ ಇಲ್ಲ. ಈ ಕಡೆಗೂ ಕಾರ್ನಾಡರ ಕಣ್ಣು ಹೊರಳಿದೆ. ಗೆಳೆಯರಿಬ್ಬರೂ ಹೊಡೆದಾಡಿ ಸತ್ತ ಮೇಲೆ ಪದ್ಮಿನಿಯು ಚಿತೆಯೇರುವ ಮುನ್ನ ಭಾಗವತನಿಗೆ ಮಗುವನ್ನು ಒಪ್ಪಿಸಿ ಎರಡು ಮಾತು ಹೇಳುತ್ತಾಳೆ. ಮೊದಲು ಇದನ್ನು ಕಾಡಿನ ಬೇಡರಿಗೆ ಕೊಟ್ಟು ಕಪಿಲನ ಮಗನೆಂದು ಹೇಳಬೇಕು. ಐದು ವರ್ಷ ತುಂಬಿದ ಮೇಲೆ ಊರಿನ ಪಂಡಿತನಾದ ಅಜ್ಜನ ಬಳಿಗೊಯ್ದು ದೇವದತ್ತನ ಮಗನೆಂದು ಹೇಳಬೇಕು. ಎರಡು ಮನೆಗಳ ಅಭ್ಯಾಸವೂ ಒಂದೇ ಮೈಯಲ್ಲಿ ನಿಲ್ಲಲೆಂಬುದು ಆ ತಾಯಿಯ ಆಸೆಯಿರಬೇಕು. ಐದು ವರ್ಷದ ಆ ಹುಡುಗ ರಂಗಕ್ಕೆ ಬರುವಾಗ ಅವನ ಕೈಯಲ್ಲಿ ಗೊಂಬೆಗಳಿವೆ. ಅವನು ಮಾತನಾಡುವುದಿಲ್ಲ, ನಗುವುದೂ ಇಲ್ಲ. ಕಡೆಗೆ ಅವನನ್ನು ನಗಿಸಿದ್ದು ಮನುಷ್ಯರಲ್ಲ, ಒಂದು ಕುದುರೆ.