ಪಂದ್ಯದ ಕಣದ ಇಂಧನ, ನೆರೆಯೂರಿನ ಮಕ್ಕಳ ರಕ್ತ

ಮೋಟಾರು ಪಂದ್ಯಗಳ ಔಚಿತ್ಯವನ್ನು ಯಾರಾದರೂ ಪ್ರಶ್ನಿಸಿದರೆ ಸಿದ್ಧ ಉತ್ತರವೊಂದು ಬರುತ್ತದೆ: ಪಂದ್ಯದ ಕಣವೆಂದರೆ ಪ್ರಯೋಗಶಾಲೆ, ಅಲ್ಲಿ ಪಳಗಿದ ತಂತ್ರಜ್ಞಾನವೇ ನಾಳೆ ಜನಸಾಮಾನ್ಯರ ವಾಹನಕ್ಕೆ ಇಳಿದು ಬರುತ್ತದೆ. ಇಂಧನದ ಮಟ್ಟಿಗೆ ಈ ಮಾತು ನಿಜವೇ. ಬಂದದ್ದು ಏನು, ಅದು ಯಾರ ಮೈಗೆ ಇಳಿಯಿತು ಎಂಬುದನ್ನು ಮಾತ್ರ ಹೇಳುವವರಿಲ್ಲ.

ಎಂಜಿನ್ನಿನ ಶಕ್ತಿ ಹೆಚ್ಚಬೇಕಾದರೆ ಸಿಲಿಂಡರಿನೊಳಗಿನ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹೆಚ್ಚು ಒತ್ತಬೇಕು. ಒತ್ತಡ ಮಿತಿಮೀರಿದರೆ ಕಿಡಿಯ ಜ್ವಾಲೆ ತಲಪುವ ಮೊದಲೇ ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಬಡಿಯತೊಡಗುತ್ತದೆ, ಪಿಸ್ಟನ್ ಹಾಳಾಗುತ್ತದೆ. ಈ ಸಿಡಿತವನ್ನು ತಡೆಯುವ ಗುಣದ ಅಳತೆಯೇ ಆಕ್ಟೇನ್. 1921ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಡ್‌ಗ್ಲಿ, ಟೆಟ್ರಾಈಥೈಲ್ ಸೀಸವನ್ನು ತುಸುವೇ ಬೆರೆಸಿದರೆ ಸಾಕೆಂದು ಕಂಡುಕೊಂಡರು. ಮದ್ಯಸಾರವೂ ಅದೇ ಕೆಲಸ ಮಾಡುತ್ತದೆಂದು ಅವರಿಗೆ ತಿಳಿದಿತ್ತು. ಆದರೆ ಹೊಲದ ಬೆಳೆಯಿಂದ ಯಾರು ಬೇಕಾದರೂ ಬಟ್ಟಿ ಇಳಿಸಬಹುದಾದ ದ್ರವಕ್ಕೆ ಪೇಟೆಂಟಿನ ಲಾಭವೆಲ್ಲಿಯದು?

1923ರ ಫೆಬ್ರುವರಿಯಲ್ಲಿ ಸೀಸದ ಪೆಟ್ರೋಲ್ ಮಾರಾಟಕ್ಕೆ ಬಂತು. ಅದೇ ಮೇ ತಿಂಗಳ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯದಲ್ಲಿ ಮೊದಲ ಮೂರು ಸ್ಥಾನ ಗಳಿಸಿದ ಕಾರುಗಳು ಅದನ್ನೇ ಕುಡಿದು ಓಡಿದವು. ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಸೀಸದ ವಿಷವೇರಿ, ಚಿತ್ತಭ್ರಮೆಗೊಳಗಾಗಿ ಐವರು ಕಾರ್ಮಿಕರು ಸತ್ತರು. ಕೆಲಕಾಲ ನಿಂತ ಮಾರಾಟ 1926ರಲ್ಲಿ ಮತ್ತೆ ಆರಂಭವಾಯಿತು.

ಬೆಳೆಯುವ ಮಕ್ಕಳ ಮಿದುಳನ್ನು ಕೆಡಿಸುವ ಈ ಸೀಸವನ್ನು ಅಮೆರಿಕವು ರಸ್ತೆಯ ವಾಹನಗಳ ಮಟ್ಟಿಗೆ 1996ರ ಜನವರಿ 1ರಿಂದ ಪೂರ್ಣವಾಗಿ ನಿಷೇಧಿಸಿತು. ಭಾರತವೂ 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಅದನ್ನು ಕೈಬಿಟ್ಟಿತು. ಘಟ್ಟದ ಏರಿನಲ್ಲಿ ಏದುಸಿರು ಬಿಡುವ ಹಳೆಯ ಸ್ಕೂಟರಿಗೂ ಅನ್ವಯಿಸಿದ ಕಟ್ಟಳೆ ಅಮೆರಿಕದ ಪಂದ್ಯದ ಕಾರಿಗೆ ಮಾತ್ರ ಅನ್ವಯಿಸಲಿಲ್ಲ! ಆ ವಿನಾಯಿತಿಯ ನೆರಳಿನಲ್ಲಿ ನಾಸ್ಕಾರ್ ಪಂದ್ಯಗಳು 2007ರವರೆಗೆ ಸೀಸದ ಹೊಗೆಯನ್ನು ಉಗುಳುತ್ತಲೇ ಇದ್ದವು. ನಾಸ್ಕಾರ್ ಸೀಸವನ್ನು ಬಿಟ್ಟ ಮೇಲೆ ಪಂದ್ಯದ ಕಣಗಳ ಸುತ್ತಲಿನ ಪ್ರದೇಶಗಳಲ್ಲಿ ರಕ್ತದ ಸೀಸ ಮಿತಿಮೀರಿದ ಮಕ್ಕಳ ಪ್ರಮಾಣವೂ ವೃದ್ಧರ ಸಾವುಗಳೂ ಇಳಿದುದನ್ನು ಅಲೆಕ್ಸ್ ಹಾಲಿಂಗ್ಸ್‌ವರ್ತ್ ಮತ್ತು ಐವನ್ ರುಡಿಕ್ ಎಂಬ ಅರ್ಥಶಾಸ್ತ್ರಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಟಿಕೆಟು ಕೊಳ್ಳದ, ಪಂದ್ಯವನ್ನೇ ನೋಡದ ಮಕ್ಕಳೂ ಅದರಲ್ಲಿದ್ದರು.

ಸೀಸವಿಲ್ಲದೆ ವೇಗವಿಲ್ಲ ಎಂಬ ವಾದಕ್ಕೂ ಆಧಾರವಿರಲಿಲ್ಲ. 1964ರ ಭೀಕರ ಬೆಂಕಿ ಅಪಘಾತದ ಬಳಿಕ ಅದೇ ಇಂಡಿಯಾನಾಪೊಲಿಸ್ ಪಂದ್ಯ ಪೆಟ್ರೋಲನ್ನು ತೊರೆದು ಮೆಥನಾಲಿಗೆ ಹೊರಳಿತು, ದಶಕಗಳ ಕಾಲ ಅದರಲ್ಲೇ ದಾಖಲೆಗಳನ್ನು ಮುರಿಯಿತು. ದಾರಿ ಕಣ್ಣೆದುರೇ ಇದ್ದಿತು.

ಈಗ ಫಾರ್ಮುಲಾ ಒನ್ ಪಂದ್ಯಗಳ ಸರದಿ. ಜೈವಿಕ ತ್ಯಾಜ್ಯ, ಹಿಡಿದಿಟ್ಟ ಇಂಗಾಲ ಮೊದಲಾದವುಗಳಿಂದ ತಯಾರಾದ ‘ಸುಸ್ಥಿರ ಇಂಧನ’ವನ್ನು 2026ರ ನಿಯಮ ಕಡ್ಡಾಯಗೊಳಿಸಿದೆ. ಸಂತೋಷವೇ. ಆದರೆ ಸಂಘಟಕರೇ ಪ್ರಕಟಿಸಿದ ಲೆಕ್ಕದಂತೆ, 2018ರ ಋತುವಿನ ಸುಮಾರು 2,56,000 ಟನ್ ಇಂಗಾಲದ ಹೊರೆಯಲ್ಲಿ ಪಂದ್ಯದ ಎಂಜಿನ್ನುಗಳ ಪಾಲು ಶೇಕಡಾ 0.7 ಮಾತ್ರ. ಕಾರು, ಟೈರು, ಸಲಕರಣೆಗಳನ್ನು ಖಂಡದಿಂದ ಖಂಡಕ್ಕೆ ಹೊತ್ತೊಯ್ಯುವ ಸಾಗಾಟದ ಪಾಲು ಶೇಕಡಾ 45. ಆ ಹೊರೆಯನ್ನೂ ಇಳಿಸುತ್ತೇವೆಂದು ಸಾರಿದವರು 2018ರಲ್ಲಿ 21 ಇದ್ದ ಪಂದ್ಯಗಳನ್ನು 2024ರಲ್ಲಿ 24ಕ್ಕೆ ಏರಿಸಿದರು.